ಹವಳದ ಫೋಟೊ ಶುಕ್ರವಾರದೊಳಗೆ ಹಾಕಿ

ಎಲ್ಲರಿಗೂ ಶರಣು. ಈ ಭಾನುವಾರ ಬೆಳಿಗ್ಗೆ 11ಕ್ಕೆ ಕಲಬುರಗಿಯ ನಮ್ಮ ಮನೆಯಲ್ಲಿ ಗಟ್ಟಿ ಹವಳಗಳನ್ನು (ಕಲ್ಲಿನಂಥ ಗೂಡು ಕಟ್ಟುವ ಹವಳ) ಗುರುತಿಸಲು ಕೂರೋಣ. ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ತೊಟ್ಟಿ) ಇಟ್ಟವರೆಲ್ಲ, ಬೀದರ್, ಯಾದಗಿರಿಯವರೂ ಸೇರಿ, ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಫೋಟೊ ಹಾಕಿ. ಹವಳವನ್ನು ಎತ್ತಿಕೊಂಡು ಬರಬೇಡಿ, ಫೋಟೊ ಸಾಕು.

ನೀಲಿ ಲೈಟ್ ಆರಿಸಿ, ಬಿಳಿ ಬೆಳಕಿನಲ್ಲಿ ತೆಗೆಯಿರಿ. ಪಂಪ್ ನಿಲ್ಲಿಸಿ, ಆದರೆ ಕೂಡಲೇ ಮತ್ತೆ ಹಾಕಿ. ನಮ್ಮ ಬಿಸಿಲಿಗೆ ನೀರು ಬೇಗ ಕಾಯುತ್ತದೆ ಅಲ್ವಾ? ಪಾಲಿಪ್ (ಹವಳದ ಪುಟ್ಟ ಜೀವಿ) ಅರಳಿದಾಗ ಒಂದು, ಮುದುಡಿದಾಗ ಒಂದು ಫೋಟೊ ಬೇಕು.

ಬಣ್ಣ ನಂಬಬೇಡಿ, ಬೆಳಕಿಗೆ ತಕ್ಕಂತೆ ಬದಲಾಗುತ್ತದೆ. ಪಾಲಿಪ್ ಕೂರುವ ಗುಂಡಿಯೇ ಮುಖ್ಯ. ಪ್ರತಿ ಕೊಂಬೆಯ ತುದಿಯಲ್ಲಿ ಒಂದು ದೊಡ್ಡ ಗುಂಡಿ ಇದ್ದರೆ ಅದು ಅಕ್ರೊಪೊರಾ ಎಂಬ ಕುಲದ ಹವಳ. ಮೊಂಟಿಪೊರಾ ಎಂಬ ಇನ್ನೊಂದು ಕುಲದಲ್ಲಿ ಆ ಗುಂಡಿ ಇರುವುದಿಲ್ಲ. ಹ್ಯಾಮರ್, ಟಾರ್ಚ್ ಹವಳಗಳಿಗೆ ಟೆಂಟಕಲ್ (ಪಾಲಿಪ್‌ನ ಬೆರಳಿನಂಥ ಎಳೆ) ತುದಿ ನೋಡಬೇಕು. ಅಕ್ರೊಪೊರಾದ ಜಾತಿಯನ್ನು ಫೋಟೊದಲ್ಲಿ ಖಚಿತವಾಗಿ ಹೇಳುವುದು ಕಷ್ಟ, ಸುಮ್ನೆ ಊಹಿಸಿ ಹೆಸರು ಬರೆಯಬೇಡಿ.

ಇನ್ನೊಂದು ಮಾತು. ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿವೆ. ನಮ್ಮ ಸಮುದ್ರದಿಂದ ಕಿತ್ತ ತುಂಡನ್ನು ಯಾರೂ ಕೊಳ್ಳಬೇಡಿ. ಕಾಗದಪತ್ರ ಇಲ್ಲದ ಹವಳದ ಮಾರಾಟ, ಅದಲುಬದಲು ಈ ಗುಂಪಿನಲ್ಲಿ ಖಂಡಿತ ಬೇಡ.

ಬರುವವರು ಹೆಸರು, ಊರು ಬರೆದು ತಿಳಿಸಿ.