ಯಾವ ಗಡಿಯಾರ ಎಂದು ಮೊದಲೇ ಹೇಳಿ

ಸಂಪಾದಕರೇ,

ಕಾಲೇಜು ಉತ್ಸವಗಳಲ್ಲಿ ವಿಡಿಯೊ ಗೇಮ್ ಸ್ಪರ್ಧೆ ಇಡುವ ರೂಢಿ ರಾಯಚೂರು, ಸಿಂಧನೂರಿನ ಕಡೆಗೂ ಬಂದಿದೆ. ಸಂತೋಷ. ಆದರೆ ಕಾರ್ ರೇಸಿನ ಸ್ಪೀಡ್‌ರನ್‌ಗೆ, ಅಂದರೆ ಆಟವನ್ನು ಅತಿ ಕಡಿಮೆ ಹೊತ್ತಿನಲ್ಲಿ ಮುಗಿಸುವ ಪಂದ್ಯಕ್ಕೆ, ‘ಕಡಿಮೆ ಸಮಯದವರಿಗೆ ಬಹುಮಾನ’ ಎಂಬ ಒಂದೇ ಸಾಲಿನ ನಿಯಮ ಸಾಲದು. ಜಗಳ ಹುಟ್ಟುವುದೇ ಆ ಸಾಲಿನಿಂದ.

ಮೊದಲ ಪ್ರಶ್ನೆ ಗಡಿಯಾರದ್ದು. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದವರ ಬೆರಳು ಸುಮಾರು 0.2 ಸೆಕೆಂಡ್ ತಡವಾಗುತ್ತದೆ. ಅದರಲ್ಲಿ ನೂರನೇ ಒಂದು ಸೆಕೆಂಡಿನ ಲೆಕ್ಕದಲ್ಲಿ ಬಹುಮಾನ ಹಂಚುವುದು ತಮಾಷೆ. ಆಟದೊಳಗಿನ ಗಡಿಯಾರ ನಂಬಬಹುದು, ಆದರೆ ಕೆಲವು ಆಟಗಳಲ್ಲಿ ಅದು ಮೆನು, ಲೋಡಿಂಗ್ ಹೊತ್ತನ್ನು ಎಣಿಸುವುದಿಲ್ಲ. ಹೊರಗಿನ ಗಡಿಯಾರ ಎಲ್ಲವನ್ನೂ ಎಣಿಸುತ್ತದೆ. ಹಳೆಯ ಹಾರ್ಡ್‌ಡಿಸ್ಕಿನ ಕಂಪ್ಯೂಟರ್ ಪ್ರತಿ ರೇಸಿಗೂ 3 ಸೆಕೆಂಡ್ ಹೆಚ್ಚು ಲೋಡ್ ಆದರೆ 20 ರೇಸಿನಲ್ಲಿ ಪೂರ್ತಿ 1 ನಿಮಿಷ ಹೋಯಿತು. ಅದು ಆಟಗಾರನ ಸೋಲಲ್ಲ, ಡಿಸ್ಕಿನ ಸೋಲು. ಆದ್ದರಿಂದ ಲೋಡಿಂಗ್ ಹೊತ್ತು ಕಳೆಯಬೇಕು. ಸರಳ ದಾರಿ ಇದು: ಪರದೆಯನ್ನು ಸೆಕೆಂಡಿಗೆ 60 ಫ್ರೇಮಿನಂತೆ (ಫ್ರೇಮ್ ಅಂದರೆ ವಿಡಿಯೊದ ಒಂದು ಬಿಡಿ ಚಿತ್ರ) ರೆಕಾರ್ಡ್ ಮಾಡಿ, ಮೊದಲ ಮತ್ತು ಕೊನೆಯ ಫ್ರೇಮಿನ ಸಂಖ್ಯೆ ಬರೆದುಕೊಳ್ಳಿ. 312ರಲ್ಲಿ ಶುರುವಾಗಿ 7,458ಕ್ಕೆ ಮುಗಿದರೆ 7,146 ಫ್ರೇಮ್; 60ರಿಂದ ಭಾಗಿಸಿದರೆ 1 ನಿಮಿಷ 59.10 ಸೆಕೆಂಡ್. ನಡುವೆ ಲೋಡಿಂಗ್‌ಗೆ ಹೋದ ಫ್ರೇಮುಗಳನ್ನು ಮೊದಲೇ ಕಳೆದಿರಬೇಕು. ಮೊಬೈಲಿನಲ್ಲಿ ತೆಗೆದ ವಿಡಿಯೊದಲ್ಲಿ ಈ ಲೆಕ್ಕ ಹಾಕಬೇಡಿ. ಎಷ್ಟೋ ಮೊಬೈಲುಗಳಲ್ಲಿ ಫ್ರೇಮಿನ ವೇಗ ಏರಿಳಿಯುತ್ತದೆ, ಲೆಕ್ಕ ತಪ್ಪುತ್ತದೆ. ಇನ್ನು 60 ಫ್ರೇಮಿನಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 0.017 ಸೆಕೆಂಡ್. ಅದಕ್ಕಿಂತ ಕಡಿಮೆ ಅಂತರವಿದ್ದರೆ ಇಬ್ಬರೂ ಸಮ.

ಕುಣಿಯಲಾರದವರು ನೆಲ ಡೊಂಕು ಎನ್ನುವುದುಂಟು. ನಮ್ಮ ಬಿಸಿಲಿನಲ್ಲಿ ನೆಲವೂ ನಿಜವಾಗಿ ಡೊಂಕಾಗುತ್ತದೆ. 40 ಡಿಗ್ರಿ ದಾಟಿದ ಕೋಣೆಯಲ್ಲಿ ಲ್ಯಾಪ್‌ಟಾಪ್ ಕಾದು, ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ, ಸೆಕೆಂಡಿಗೆ ಮೂಡುವ ಫ್ರೇಮಿನ ಸಂಖ್ಯೆ ಕುಸಿಯುತ್ತದೆ. ಬೆಳಿಗ್ಗೆ ಆಡಿದವನಿಗೂ ಮಧ್ಯಾಹ್ನ ಆಡಿದವನಿಗೂ ಸಿಗುವುದು ಒಂದೇ ಯಂತ್ರವಲ್ಲ. ಕೆಲವು ಆಟಗಳಲ್ಲಿ ಕಾರಿನ ಚಲನೆಯೇ ಫ್ರೇಮ್ ಸಂಖ್ಯೆಗೆ ಕಟ್ಟುಬಿದ್ದಿರುತ್ತದೆ. ‘ಜಿಟಿಎ ಸ್ಯಾನ್ ಆಂಡ್ರಿಯಾಸ್‌’ನಲ್ಲಿ ಫ್ರೇಮ್ ಲಿಮಿಟರ್, ಅಂದರೆ ಆ ಸಂಖ್ಯೆಗೆ ಮಿತಿ ಹಾಕುವ ಸೆಟ್ಟಿಂಗ್, ತೆಗೆದರೆ ಆಟದ ನಡತೆಯೇ ಬದಲಾಗುತ್ತದೆ. ಹಾಗಾಗಿ ಲಿಮಿಟರ್ ಆನ್ ಇರಬೇಕೇ ಆಫ್ ಇರಬೇಕೇ ಎಂದು ಬರೆದೇ ಇಡಬೇಕು. ಎಲ್ಲರೂ ಒಂದೇ ಯಂತ್ರದಲ್ಲಿ ಆಡಲಿ, ಪಕ್ಕದಲ್ಲಿ ಕೂಲರ್ ಇರಲಿ.

ಗ್ಲಿಚ್, ಅಂದರೆ ಆಟದೊಳಗೇ ಉಳಿದ ದೋಷ, ಬಳಸಿದವನನ್ನು ಕಳ್ಳ ಎನ್ನುವುದು ತಪ್ಪು. 2003ರ ‘ಬಿಗ್ ರಿಗ್ಸ್‌’ನಲ್ಲಿ ಲಾರಿಯನ್ನು ಹಿಂದಕ್ಕೆ ಓಡಿಸಿದರೆ ವೇಗಕ್ಕೆ ಮಿತಿಯೇ ಇಲ್ಲ, ಕೀ ಬಿಟ್ಟೊಡನೆ ತಟ್ಟನೆ ನಿಲ್ಲುತ್ತದೆ. (ಗಂಜ್ ಮಾರುಕಟ್ಟೆಯಿಂದ ಭತ್ತ ಹೊತ್ತು ಹೊರಡುವ ನಮ್ಮ ಲಾರಿಗಳಿಗೆ ಆ ಭಾಗ್ಯವಿಲ್ಲ.) ತಯಾರಿಸಿದವರು ಬಿಟ್ಟ ದೋಷವದು. ಬಳಸಬಹುದಾದ ವಿಭಾಗ ಒಂದು, ಬಳಸಬಾರದ ವಿಭಾಗ ಇನ್ನೊಂದು ಎಂದು ಪಟ್ಟಿಯನ್ನು ಬೇರೆ ಮಾಡಿದರೆ ವಾದವೇ ಏಳುವುದಿಲ್ಲ. ಒಂದೇ ದಿನದ ಸ್ಪರ್ಧೆಗೆ ಗ್ಲಿಚ್ ಇಲ್ಲದ, ಎಲ್ಲ ಚೆಕ್‌ಪಾಯಿಂಟ್ ದಾಟಲೇಬೇಕಾದ ವಿಭಾಗ ಸಾಕು. ಯಾರೋ ಹೊಸ ಅಡ್ಡದಾರಿ ಕಂಡುಕೊಂಡ ಮೇಲೆ ನಿಯಮ ತಿದ್ದಿ ಅವನನ್ನು ಕೆಳಗಿಳಿಸುವುದು ಮಾತ್ರ ಅನ್ಯಾಯ.

ಮೋಸ ಬೇರೆಯೇ. ಒಂದು ಗುಂಡಿಗೆ ಹಲವು ಕೀ ಒತ್ತುವ ಮ್ಯಾಕ್ರೊ, ಆಟವನ್ನೇ ನಿಧಾನಕ್ಕೆ ಓಡಿಸುವ ಸಾಫ್ಟ್‌ವೇರ್, ಇವು ಮೋಸ. ‘ಟ್ರ್ಯಾಕ್‌ಮೇನಿಯಾ’ದ ಹಲವು ದಾಖಲೆಗಳು ಹೀಗೆ ನಿಧಾನಗೊಳಿಸಿ ಆಡಿದವು ಎಂದು 2021ರಲ್ಲಿ ಬಯಲಾಯಿತು. ಆ ಆಟದ ರೀಪ್ಲೇ ಫೈಲಿನಲ್ಲಿ ಪ್ರತಿ ಕೀ ಒತ್ತಿದ ಕ್ಷಣವೂ ಉಳಿದಿರುತ್ತದೆ. ಮಾಮೂಲಿ ವೇಗದಲ್ಲಿ ಮನುಷ್ಯನ ಬೆರಳಿಗೆ ಆಗದಷ್ಟು ಬಿರುಸಾಗಿ ಸ್ಟೀರಿಂಗ್ ತಿರುಗಿದ್ದು ಅಲ್ಲಿ ಕಂಡಿತು. ಬರೀ ವಿಡಿಯೊದಲ್ಲಿ ಅದು ಕಾಣದು. ಆದ್ದರಿಂದ ರೀಪ್ಲೇ ಫೈಲ್ ಕೊಡದವನಿಗೆ ಬಹುಮಾನ ಬೇಡ. 1980ರ ‘ಡ್ರ್ಯಾಗ್‌ಸ್ಟರ್’ ಆಟದ 5.51 ಸೆಕೆಂಡಿನ ದಾಖಲೆ ಸುಮಾರು 35 ವರ್ಷ ಪಟ್ಟಿಯಲ್ಲಿ ಕೂತಿತ್ತು. ಆಟದ ಕೋಡ್ ಬಿಡಿಸಿ ನೋಡಿದಾಗ ಲೆಕ್ಕಕ್ಕೆ ಸಿಕ್ಕಿದ ಅತಿ ಕಡಿಮೆ ಸಮಯ 5.57. 2018ರಲ್ಲಿ ಆ ದಾಖಲೆ ತೆಗೆದುಹಾಕಿದರು.

ಇನ್ನೊಂದು ಮಾತು. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ಹತ್ತಿರವೇ ಇದ್ದರೂ ಕರೆಂಟ್ ಹೋಗುವುದುಂಟು. ಯುಪಿಎಸ್ ಇಡಿ. ನಡುವೆ ನಿಂತ ಓಟಕ್ಕೆ ಮರು ಅವಕಾಶ ಉಂಟೇ, ಎಷ್ಟು ಸಲ ಎಂಬುದನ್ನೂ ಕರಪತ್ರದಲ್ಲೇ ಮುದ್ರಿಸಿ.

– ಕಾರ್ ರೇಸ್ ಆಟಗಾರರು, ರಾಯಚೂರು