ಗಡಿಯಾರದವನು ಮಗಳಿಗೆ ಬರೆದದ್ದು

ಜಾಲಹಳ್ಳಿ, ಬೆಂಗಳೂರು
ಭಾನುವಾರ ರಾತ್ರಿ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಗೋಡೆಯ ಆಚೆ ನೀನು ಸೂಟ್‌ಕೇಸ್ ತುಂಬುತ್ತಿರುವಾಗ ಈಚೆ ಕುಳಿತು ಕಾಗದ ಬರೆಯುವುದು ಹುಚ್ಚುತನ ಎಂದು ನಿನ್ನ ಅಮ್ಮ ಆಗಲೇ ಹೇಳಿಯಾಯಿತು. ಇರಲಿ. ಎದುರು ಕುಳಿತರೆ ನನಗೆ ಮೊದಲು ಸಿಟ್ಟು ಬರುತ್ತದೆ, ಮಾತು ಆಮೇಲೆ ಬರುತ್ತದೆ. ಗುರುವಾರ ಊಟದ ಹೊತ್ತಿನಲ್ಲಿ ಆದದ್ದೂ ಅದೇ.

ನೀನು ಹೇಳಿದ್ದು ಒಂದೇ ಮಾತು. "ನಾನು ಕೋಚ್ ಆದ ದಿನ ಮೊದಲು ಅಪ್ಪಂದಿರನ್ನೆಲ್ಲ ಗೇಟಿನ ಹೊರಗೆ ನಿಲ್ಲಿಸುತ್ತೇನೆ." ನಿನ್ನ ತಮ್ಮ ನಕ್ಕ. ನಾನು ಮಜ್ಜಿಗೆ ಅನ್ನ ಅರ್ಧಕ್ಕೆ ಬಿಟ್ಟು ಎದ್ದೆ. ಆಮೇಲೆ ನಾನು ಕೂಗಿದ್ದು, ನೀನು ಬಾಗಿಲು ಹಾಕಿಕೊಂಡದ್ದು ಇಬ್ಬರಿಗೂ ನೆನಪಿದೆ, ಮತ್ತೆ ಬರೆಯುವುದಿಲ್ಲ. ನಾನು ಎದ್ದದ್ದು ಅವಮಾನವಾಯಿತು ಎಂದಲ್ಲ, ಅಷ್ಟನ್ನು ಮಾತ್ರ ಹೇಳುತ್ತೇನೆ. ನಿನಗೆ ಗೊತ್ತಿಲ್ಲದ ಒಂದು ಸಂಗತಿಗೆ ನಿನ್ನ ಮಾತು ನೇರವಾಗಿ ಹೋಗಿ ತಾಗಿತು.

2016ರ ಆಗಸ್ಟ್ 21, ಭಾನುವಾರ. ದಿನ ತಪ್ಪುವುದಿಲ್ಲ, ಏಕೆಂದರೆ ಎರಡು ದಿನದ ಹಿಂದೆಯಷ್ಟೇ ರಿಯೊ ಒಲಿಂಪಿಕ್ಸ್‌ನ ಬ್ಯಾಡ್ಮಿಂಟನ್‌ನಲ್ಲಿ ಸಿಂಧು ಬೆಳ್ಳಿ ಗೆದ್ದಿದ್ದಳು. ಅವಳ ಕೋಚ್ ಗೋಪಿಚಂದ್ ಅವಳ ಮೊಬೈಲನ್ನು ಮೂರು ತಿಂಗಳು ತೆಗೆದಿಟ್ಟಿದ್ದರು ಎಂಬ ಸುದ್ದಿ ಎಲ್ಲರ ಬಾಯಲ್ಲೂ ಇತ್ತು. ನಾನು ಅದೊಂದನ್ನೇ ಮನಸ್ಸಿಗೆ ಹಚ್ಚಿಕೊಂಡೆ. ಮಂಡಿಗೆ ಶಸ್ತ್ರಚಿಕಿತ್ಸೆಗಳನ್ನು ಮಾಡಿಸಿಕೊಂಡು, ಮತ್ತೆ ಎದ್ದು ನಿಂತು, 2001ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದ ಮನುಷ್ಯ ಅವರು. ಮೈ ಎಂದರೆ ಏನೆಂದು ಅವರಿಗೆ ಗೊತ್ತಿತ್ತು. ನನಗೇನು ಗೊತ್ತಿತ್ತು? ಇಪ್ಪತ್ತಾರು ವರ್ಷ ಕೀಲಿ ಗಡಿಯಾರಗಳನ್ನು ಸರಿಹೊಂದಿಸಿದವನು. ಗಂಟೆಗೆ 18,000 ಬಡಿತ, ಸೆಕೆಂಡಿಗೆ ಐದು. ಒಂದು ಗಡಿಯಾರ ದಿನಕ್ಕೆ ಎಷ್ಟು ಮುಂದೆ, ಎಷ್ಟು ಹಿಂದೆ ಓಡುತ್ತದೆ ಎಂದು ನೋಡಿ ಬರೆಯುವುದು ನನ್ನ ಕೆಲಸವಾಗಿತ್ತು. ಆ ವರ್ಷವೇ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಗೆ ಬಂದಿದ್ದೆ. ನೋಡಲು ಗಡಿಯಾರಗಳಿರಲಿಲ್ಲ, ನೀನಿದ್ದೆ.

ಭಾನುವಾರ ಓಡಬೇಡ, ಕಾಲಿಗೆ ವಿಶ್ರಾಂತಿ ಕೊಡು ಎಂದು ನಿನ್ನ ಸರ್ ಹೇಳಿದ್ದರು. ಅವರು ಬರದ ದಿನವೆಂದೇ ನಾನು ನಿನ್ನನ್ನು ಕಂಠೀರವ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದೆ. ರಾತ್ರಿ ಮಳೆ ಬಂದು ನಿಂತಿತ್ತು. ಒಳಗಿನ ಸಾಲಿನಲ್ಲಿ ನೀರು ನಿಂತಿದ್ದರಿಂದ ನೀನು ಎರಡನೆಯ ಸಾಲಿನಲ್ಲೇ ಓಡಿದೆ, ಅಂದರೆ 800 ಮೀಟರಿಗಿಂತ ಒಂದಿಷ್ಟು ಹೆಚ್ಚೇ. ಮೊದಲ ಸುತ್ತು 64.8. ನಾನು ಗಡಿಯಾರವನ್ನು ಮತ್ತೆ ನೋಡಿದೆ. ಎರಡನೆಯ ಸುತ್ತಿನ ಕೊನೆಯ ತಿರುವಿನಲ್ಲಿ ನಿನ್ನ ಎಡಭುಜ ಕುಸಿಯುತ್ತದಲ್ಲ, ಅವತ್ತು ಕುಸಿಯಲಿಲ್ಲ. ಒತ್ತಿದೆ. 69.8.

ಎರಡು ನಿಮಿಷ ಹದಿನಾಲ್ಕು ಸೆಕೆಂಡು ಆರು.

ನೀನು ಮೊಣಕಾಲ ಮೇಲೆ ಕೈಯೂರಿ ಬಗ್ಗಿದ್ದೆ. ತಲೆ ಎತ್ತದೆ ಕೇಳಿದೆ: "ಅಪ್ಪ, ಇವತ್ತು ಕಾಲೇ ಇಲ್ಲದ ಹಾಗಿತ್ತು. ಎಷ್ಟು?" ಆಯ್ಕೆ ಪಂದ್ಯಕ್ಕೆ ಮೂರು ವಾರವಿತ್ತು. ಹೇಳಿದರೆ ಹಿಗ್ಗುತ್ತಾಳೆ, ಹಿಗ್ಗಿದರೆ ಸಡಿಲವಾಗುತ್ತಾಳೆ ಎಂದುಕೊಂಡೆ. ಬಟನ್ ಒತ್ತಿ ಸೊನ್ನೆಗೆ ತಂದೆ. "ಎರಡು ಹದಿನೇಳು" ಎಂದೆ.

ನಿನ್ನ ಮುಖ ನೋಡಬಾರದಿತ್ತು, ನೋಡಿದೆ. ನೀನು ಏನೂ ಅನ್ನಲಿಲ್ಲ. ಷೂ ಬಿಚ್ಚಿ, ಕಾಲುಚೀಲದಿಂದ ನೀರು ಹಿಂಡಿದೆ. ಅಂದು ಸಂಜೆ ಟ್ಯೂಷನ್ನಿಗೆಂದು ಹೋದವಳು ಶಾಲೆಯ ಮಣ್ಣಿನ ಮೈದಾನದಲ್ಲಿ ಒಬ್ಬಳೇ ಓಡಿದೆ ಎಂದು ನನಗೆ ತಿಳಿದದ್ದು ಎಕ್ಸ್‌ರೇ ತೆಗೆಸಿದ ದಿನ. ಅಂದು ಮಾತ್ರವಲ್ಲ, ಹದಿನಾರು ಸಂಜೆ. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು, ಹೊಡೆತಕ್ಕೆ ಆದದ್ದಲ್ಲ, ಬಿಡುವಿಲ್ಲದೆ ಓಡಿ ಓಡಿ ಆದದ್ದು ಎಂದರು ಡಾಕ್ಟರು. ಹೊರಗೆ ಬೆಂಚಿನ ಮೇಲೆ ಕುಳಿತು ನೀನು ನನ್ನ ಕೈ ಹಿಡಿದುಕೊಂಡು, "ಕ್ಷಮಿಸು ಅಪ್ಪ, ನಿನಗೆ ಹೇಳದೆ ಓಡಿದೆ" ಎಂದೆ.

ನಾನು "ಹೋಗಲಿ ಬಿಡು" ಎಂದೆ.

ಪುಟ್ಟಿ, ಸುಳ್ಳಿಗಿಂತಲೂ ಆ "ಹೋಗಲಿ ಬಿಡು" ನನ್ನನ್ನು ಒಂಬತ್ತು ವರ್ಷ ಸುಟ್ಟಿದೆ. ನನ್ನ ತಪ್ಪಿಗೆ ನಿನ್ನಿಂದ ಕ್ಷಮೆ ಕೇಳಿಸಿಕೊಂಡು, ದೊಡ್ಡ ಮನಸ್ಸಿನವನ ಹಾಗೆ ಅದನ್ನು ಕೊಟ್ಟೂಬಿಟ್ಟೆ.

1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. 55.42 ಮತ್ತು 55.41. ಅಷ್ಟಕ್ಕೇ ದೇಶ ಇಂದಿಗೂ ಮರುಗುತ್ತದೆ. ನಾನು ಅಂಥ 240 ಭಾಗಗಳನ್ನು ನಿನ್ನಿಂದ ಕದ್ದು ಜೇಬಿಗೆ ಹಾಕಿಕೊಂಡೆ. ಕಾಲು ಕೂಡಿಕೊಂಡ ಮೇಲೆ ನೀನು ಎಷ್ಟು ಪಂದ್ಯ ಓಡಿದರೂ 2:15.9ಕ್ಕಿಂತ ಕೆಳಗೆ ಇಳಿಯಲಿಲ್ಲ. ಕೈಯಲ್ಲಿ ಒತ್ತಿದ ಸಮಯವನ್ನು ಪಂದ್ಯದ ಯಂತ್ರದ ಸಮಯಕ್ಕೆ ಹೋಲಿಸಲು 0.14 ಸೇರಿಸಬೇಕು ಎನ್ನುತ್ತೀಯ, ಸೇರಿಸಿಕೊ. ಆದರೂ ನಿನ್ನ ಜೀವಮಾನದ ಅತ್ಯುತ್ತಮ ಓಟ ಅದೇ, ಅದೂ ಎರಡನೆಯ ಸಾಲಿನಲ್ಲಿ. ಅದನ್ನು ಕಂಡವನು ನಾನೊಬ್ಬನೇ. ನಿನಗೂ ಹೇಳಲಿಲ್ಲ.

ಈಗ ನೀನು ಪಟಿಯಾಲಕ್ಕೆ ಹೊರಟಿದ್ದೀಯ. ಮೋತಿಬಾಗ್ ಅರಮನೆಯಲ್ಲಿ 1961ರಿಂದ ನಡೆದುಕೊಂಡು ಬಂದಿರುವ, ಕೋಚ್‌ಗಳನ್ನು ತಯಾರು ಮಾಡುವ ಸಂಸ್ಥೆ, ಅಲ್ಲಿ ಸೀಟು ಸಿಕ್ಕಿತು ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೇನೆ, ನಿನಗೆ ನಾಚಿಕೆಯಾದರೂ. ಓಟ ಬಿಟ್ಟವಳು ಸೋತವಳು ಎಂದು ನಾನು ಹೋದ ವರ್ಷ ಆಡಿದ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಉಷಾ ಕೂಡ ಓಟ ಮುಗಿಸಿ ಕೋಚ್ ಆದವರೇ. ಅವರ ಶಿಷ್ಯೆ ಟಿಂಟು ಲೂಕಾ 2010ರಲ್ಲಿ ನಿನ್ನದೇ 800 ಮೀಟರನ್ನು 1:59.17ಕ್ಕೆ ಓಡಿದಳು. ಉಷಾರ ಗುರು ನಂಬಿಯಾರರಿಗೆ 1985ರಲ್ಲಿ, ಪ್ರಶಸ್ತಿ ಶುರುವಾದ ವರ್ಷವೇ, ದ್ರೋಣಾಚಾರ್ಯ ಬಂತು. ಆ ಹೆಸರೇ ನನಗೆ ಅರ್ಥವಾಗುವುದಿಲ್ಲ. ಕೋಚ್‌ಗಳಿಗೆ ಕೇಂದ್ರ ಕೊಡುವುದು ದ್ರೋಣಾಚಾರ್ಯರ ಹೆಸರಿನಲ್ಲಿ, ಆಟಗಾರರಿಗೆ ನಮ್ಮ ರಾಜ್ಯ ಕೊಡುವುದು ಏಕಲವ್ಯನ ಹೆಸರಿನಲ್ಲಿ. ಬೆರಳು ಕೇಳಿದವನಿಗೂ ಪ್ರಶಸ್ತಿ, ಬೆರಳು ಕೊಟ್ಟವನಿಗೂ ಪ್ರಶಸ್ತಿ. ಕತ್ತರಿಸಿದ್ದರ ಮಾತನ್ನು ಯಾರೂ ಎತ್ತುವುದಿಲ್ಲ.

ಬುದ್ಧಿ ಹೇಳುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟು ಕುಳಿತಿದ್ದೇನೆ. ಆದರೂ ಕೇಳು. ಹುಡುಗಿಯರು ನೋವನ್ನು ಹೇಳುವುದಿಲ್ಲ, ಮೆಟ್ಟಿಲು ಇಳಿಯುವಾಗ ನೋಡು, ಗೊತ್ತಾಗುತ್ತದೆ. ಬೆಳಿಗ್ಗೆ ಏನು ತಿಂದೆ ಎಂದು ಕೇಳು. ಎರಡು ಬಿಸ್ಕತ್ತು ಎಂದರೆ ಓಡಿಸಬೇಡ. ಗಡಿಯಾರವನ್ನು ಮಗುವಿಗೇ ತೋರಿಸು, ಅಂಗೈ ಮುಚ್ಚಬೇಡ. ವಿಶ್ರಾಂತಿಯ ದಿನ ಎಂದರೆ ವಿಶ್ರಾಂತಿಯ ದಿನ. ಹಾಗೆಯೇ ನಿನ್ನ ಸಿಟ್ಟು, ಅದು ನನ್ನಿಂದ ಬಂದದ್ದು, ಅದನ್ನು ಮೈದಾನಕ್ಕೆ ಒಯ್ಯಬೇಡ. ರಾತ್ರಿ ಹನ್ನೊಂದರವರೆಗೆ ಮೊಬೈಲ್ ನೋಡುತ್ತೀಯ, ಅಲ್ಲಿ ಹಾಸ್ಟೆಲ್ಲಿನಲ್ಲಿ ಬೆಳಿಗ್ಗೆ ಐದಕ್ಕೆ ಏಳಬೇಕಾದರೆ... ನೋಡು, ಎಲ್ಲಿಂದ ಎಲ್ಲಿಗೆ ಬಂದೆ. ನಿಲ್ಲಿಸಿದೆ.

ಈ ಕಾಗದವನ್ನು ನಿನ್ನ ಉಣ್ಣೆಯ ಸ್ವೆಟರಿನೊಳಗೆ ಇಡೋಣ ಎಂದಿದ್ದೆ. ಅಲ್ಲಿ ಚಳಿ ಬೀಳುವುದು ಕಾರ್ತಿಕದ ಹೊತ್ತಿಗೆ, ಅಲ್ಲಿಯವರೆಗೆ ನಿನಗೆ ಸಿಗುತ್ತಿರಲಿಲ್ಲ. ನನ್ನ ಧೈರ್ಯದ ಅಳತೆ ಅಷ್ಟೇ. ಈಗ ಬೇಡ ಎನಿಸುತ್ತಿದೆ, ಬಾಗಿಲ ಕೆಳಗಿನಿಂದ ಒಳಗೆ ತಳ್ಳುತ್ತೇನೆ. ಜೊತೆಗೆ ನೀಲಿ ರಟ್ಟಿನ ನೋಟ್‌ಪುಸ್ತಕವಿದೆ, ಕಳೆದುಹೋಯಿತು ಎಂದು ನಾನು ಹೇಳಿದ್ದು. ಬಾಯಲ್ಲಿ ಸುಳ್ಳು ಹೇಳಿದವನಿಗೆ ಪುಸ್ತಕದಲ್ಲಿ ತಪ್ಪು ಬರೆಯಲು ಆಗಲಿಲ್ಲ, ಇಪ್ಪತ್ತಾರು ವರ್ಷದ ಅಭ್ಯಾಸ. ಆಗಸ್ಟ್ 21ರ ಪುಟದ ಮೂಲೆ ಮಡಿಚಿದ್ದೇನೆ.

ಚಟ್ನಿಪುಡಿ ಡಬ್ಬ ಅಡುಗೆಮನೆಯ ಕಟ್ಟೆಯ ಮೇಲಿದೆ, ಮರೆಯಬೇಡ. ನಾಳೆ ಸಂಜೆ ಆಟೊ ಐದಕ್ಕೆ ಬರುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ ಹೊರಡುವವರೆಗೆ ನಾನು ಒಳಗೆ ಬಂದು ನಿಲ್ಲಲೇ, ಗೇಟಿನ ಹೊರಗೇ ಇರಲೇ, ಬೆಳಿಗ್ಗೆ ಹೇಳು. ಪ್ಲಾಟ್‌ಫಾರಂ ಟಿಕೆಟ್ ಅದನ್ನು ನೋಡಿಕೊಂಡು ತೆಗೆದುಕೊಳ್ಳುತ್ತೇನೆ.

ಇಂತಿ,
ಅಪ್ಪ