ಒಂದೇ ಟಿಕೆಟ್ಟಿನಲ್ಲಿ ಒಂದು ಸುತ್ತು: ಕೇಳಿದರೆ ಕೊಡುವವರು ಯಾರು?

ಮಾನ್ಯ ಸಂಪಾದಕರೇ,

ರೈಲ್ವೆಯವರ ನಿಯಮಗಳಲ್ಲಿ ಸರ್ಕ್ಯುಲರ್ ಜರ್ನಿ ಟಿಕೆಟ್ ಅಂತ ಒಂದಿದೆ. ಒಂದು ಊರಿನಿಂದ ಹೊರಟು, ಹೋದ ದಾರಿಯಲ್ಲೇ ವಾಪಸ್ ಬರದೆ, ಒಂದು ಸುತ್ತು ಹಾಕಿ ಮತ್ತೆ ಅದೇ ಊರಿನಲ್ಲಿ ಇಳಿಯುವವರಿಗೆ ಒಂದೇ ಟಿಕೆಟ್. ನಡುವೆ ಎಂಟು ಕಡೆ ಇಳಿಯಬಹುದು. ಊರು ನೋಡಿ, ರಾತ್ರಿ ಉಳಿದು, ಮತ್ತೆ ಮುಂದಿನ ಗಾಡಿ ಹತ್ತಬಹುದು. ಇಂಥದ್ದೊಂದು ಇದೆ ಅಂದರೆ ನಂಬುವವರೇ ಕಡಿಮೆ. ನಮ್ಮ ಬೀದಿಯಲ್ಲಿ ನಿವೃತ್ತ ರೈಲ್ವೆ ನೌಕರರೊಬ್ಬರಿದ್ದಾರೆ. ಅವರೇ ‘ಈಗಲೂ ಕೊಡ್ತಾರಾ ಮೇಡಂ?’ ಅಂತ ನನ್ನನ್ನು ಕೇಳಿದರು.

ನಾನು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತಳಾದವಳು. ನಕಾಶೆ ಕಂಡರೆ ಬೆರಳು ಸುಮ್ನೆ ಇರುವುದಿಲ್ಲ. ಅರಸೀಕೆರೆ ಜಂಕ್ಷನ್ನಿನ ಮೇಲೆ ಬೆರಳಿಟ್ಟು ನೀವೂ ನೋಡಿ. ಅಲ್ಲಿಂದ ಹಾಸನ, ಸಕಲೇಶಪುರ, ಘಾಟಿ ಇಳಿದು ಸುಬ್ರಹ್ಮಣ್ಯ ರೋಡ್, ಮಂಗಳೂರು. ಅಲ್ಲಿಂದ ಕೊಂಕಣ ರೈಲ್ವೆ ಹಿಡಿದು ಉಡುಪಿ, ಕುಮಟಾ, ಗೋಕರ್ಣ ರೋಡ್, ಕಾರವಾರ, ಮಡಗಾಂವ್. ಮಡಗಾಂವ್‌ನಿಂದ ಇನ್ನೊಂದು ಘಾಟಿ ಹತ್ತಿ ಕ್ಯಾಸಲ್‌ರಾಕ್, ಲೋಂಡಾ, ಧಾರವಾಡ, ಹುಬ್ಬಳ್ಳಿ. ಅಲ್ಲಿಂದ ಹಾವೇರಿ, ದಾವಣಗೆರೆ, ಬೀರೂರು, ಮತ್ತೆ ಅರಸೀಕೆರೆ. ಸುಮಾರು ಒಂದು ಸಾವಿರ ಕಿ.ಮೀ. ಎಲ್ಲೂ ಹಳಿ ತುಂಡಾಗುವುದಿಲ್ಲ, ಎಲ್ಲೂ ಬಂದ ದಾರಿ ಮತ್ತೆ ಬರುವುದಿಲ್ಲ. ಮಲೆನಾಡು, ಕರಾವಳಿ, ಗೋವಾದ ಒಂದು ತುಣುಕು, ಬಯಲುಸೀಮೆ, ಎಲ್ಲಾ ಒಂದೇ ಸುತ್ತಿನಲ್ಲಿ.

ಇದನ್ನು ಒಂದೇ ಟಿಕೆಟ್ಟಿನಲ್ಲಿ ಮಾಡೋಣ ಅಂತ ಮಗಳ ಮನೆಗೆ ಹೋದಾಗ ಅಲ್ಲಿನ ದೊಡ್ಡ ಸ್ಟೇಷನ್ನಿನ ಕೌಂಟರಿನಲ್ಲಿ ಕೇಳಿದೆ. ಯಾವ ಊರು ಅಂತ ಬರೆಯುವುದಿಲ್ಲ, ಕೌಂಟರಿನಲ್ಲಿದ್ದ ಹುಡುಗ ಒಳ್ಳೆಯವನೇ. ಪಾಪ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ‘ಆಂಟಿ, ಅದು ಟೂರಿಸ್ಟ್ ಸ್ಪೆಷಲ್ ಟ್ರೈನ್ ಇರ್ಬೇಕು, ಆನ್‌ಲೈನ್ ನೋಡಿ’ ಅಂದ. ಆನ್‌ಲೈನ್‌ನಲ್ಲಿ ಈ ಟಿಕೆಟ್ ಸಿಗುವುದಿಲ್ಲ ಅಂದೆ. ಒಳಗೆ ಹೋಗಿ ಹಿರಿಯರೊಬ್ಬರನ್ನು ಕೇಳಿಕೊಂಡು ಬಂದ. ‘ಡಿವಿಜನ್ ಆಫೀಸಿಗೆ ಬರೆದು ಕೊಡಬೇಕಂತೆ. ಬೇರೆ ಬೇರೆ ಟಿಕೆಟ್ ತಗೊಂಡ್ರೆ ಈಜಿ ಅಲ್ವಾ?’ ನನ್ನ ಹಿಂದೆ ತತ್ಕಾಲ್‌ಗೆ ನಿಂತವರು ಗೊಣಗಲು ಶುರು ಮಾಡಿದ್ದರು. ಬೇರೆ ಬೇರೆ ಟಿಕೆಟ್ಟೇ ಮಾಡಿಸಿದೆವು.

ಈಜಿಯೇನೋ ಹೌದು, ಆದರೆ ಅದರ ಲೆಕ್ಕ ನೋಡಿ. ಸ್ಲೀಪರ್ ದರ್ಜೆಗೆ ಕನಿಷ್ಠ 200 ಕಿ.ಮೀ. ದರ ಹಾಕುತ್ತಾರೆ. ಥರ್ಡ್ ಎಸಿಗೆ 300 ಕಿ.ಮೀ. ಉಡುಪಿಯಿಂದ ಗೋಕರ್ಣ ರೋಡಿಗೆ ಅಷ್ಟು ದೂರ ಇಲ್ಲ. ಹುಬ್ಬಳ್ಳಿಯಿಂದ ದಾವಣಗೆರೆಗೂ ಇಲ್ಲ. ಆದರೂ 200 ಕಿ.ಮೀ. ದುಡ್ಡು ಕೊಟ್ಟೇ ಕೂರಬೇಕು. ಊರೂರಿಗೆ ಇಳಿಯುವವರಿಗೆ ಇದು ಪ್ರತಿ ಸಲ ಬೀಳುವ ಹೊಡೆತ. ಸರ್ಕ್ಯುಲರ್ ಟಿಕೆಟ್ಟಿನಲ್ಲಿ ಹಾಗಲ್ಲ. ಒಟ್ಟು ದೂರವನ್ನು ಎರಡು ಪಾಲು ಮಾಡಿ, ಎರಡು ಉದ್ದನೆಯ ಪ್ರಯಾಣ ಅಂತ ದರ ಹಾಕುತ್ತಾರೆ. ದೂರ ಹೆಚ್ಚಿದಷ್ಟೂ ಕಿ.ಮೀ. ಲೆಕ್ಕದಲ್ಲಿ ದರ ಇಳಿಯುತ್ತದೆ. ಅಂದರೆ ನಮ್ಮ ಸುತ್ತಿಗೆ 500 ಕಿ.ಮೀ.ಯ ಎರಡು ಟಿಕೆಟ್ಟಿನಷ್ಟು. ಸೆಕೆಂಡ್ ಸಿಟ್ಟಿಂಗ್‌ನಲ್ಲಿ ಹೋಗುವವರಿಗೆ ಇದರಿಂದ ದೊಡ್ಡ ವ್ಯತ್ಯಾಸ ಆಗಲಾರದು, ನಿಜ. ಆದರೆ ನಮ್ಮ ವಯಸ್ಸಿನವರಿಗೆ ನಡುವೆ ಸ್ವಲ್ಪ ಕಾಲು ಚಾಚಲು ಜಾಗ ಬೇಕಾಗುತ್ತದೆ. ಹಿರಿಯರ ರಿಯಾಯಿತಿಯನ್ನಂತೂ 2020ರ ಮಾರ್ಚ್‌ನಲ್ಲೇ ನಿಲ್ಲಿಸಿದ್ದಾರೆ. ಅದು ಬೇರೆಯೇ ಜಗಳ, ಇಲ್ಲಿ ತೆಗೆಯುವುದಿಲ್ಲ.

ದುಡ್ಡಿಗಿಂತ ಜಾಸ್ತಿ ತಲೆ ತಿನ್ನುವುದು ಬುಕಿಂಗ್. 2024ರ ನವೆಂಬರ್‌ನಿಂದ 60 ದಿನ ಮುಂಚೆ ಮಾತ್ರ ಸೀಟು ಕಾದಿರಿಸಬಹುದು. ಬೇರೆ ಬೇರೆ ದಿನದ ಗಾಡಿಗೆ ಬೇರೆ ಬೇರೆ ದಿನ ಬುಕಿಂಗ್ ತೆರೆಯುತ್ತದೆ. ನಮ್ಮನೆಯವರು ಬೆಳಿಗ್ಗೆ 8 ಗಂಟೆಗೆ ಮೊಬೈಲ್ ಹಿಡಿದು ಕೂತರೆ ಕಾಫಿ ಆರಿ ತಣ್ಣಗಾದರೂ ಗೊತ್ತಾಗುತ್ತಿರಲಿಲ್ಲ. ಕರಾವಳಿಯ ಗಾಡಿಗೆ ಸೀಟು ಸಿಕ್ಕಿತು ಅಂತ ಖುಷಿ ಪಟ್ಟರೆ, ಅದಕ್ಕೆ ಹಿಂದಿನ ಹಾಸನದ ಗಾಡಿ ವೇಟಿಂಗ್ ಲಿಸ್ಟ್. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ಒಂದು ಗಾಡಿ ರದ್ದಾದರೆ ಆ ದುಡ್ಡು ವಾಪಸ್ ಬರುತ್ತದೆ. ಮುಂದಿನ ಟಿಕೆಟ್‌ಗಳನ್ನು ನಾವೇ ರದ್ದು ಮಾಡಿ ಶುಲ್ಕ ತೆರಬೇಕು. ಇಡೀ ಸುತ್ತಾಟ ಸರಪಳಿಯ ಹಾಗೆ, ಒಂದು ಕೊಂಡಿ ಕಳಚಿದರೆ ಎಲ್ಲ ಹೋಯಿತು.

‘ಅಮ್ಮಾ, ಕಾರು ಇಟ್ಕೊಂಡು ಇದೆಲ್ಲ ಯಾಕೆ?’ ಅಂತ ಮಗ ಕೇಳಿದ. ತಪ್ಪೇನಿಲ್ಲ. ಬೇಲೂರು, ಹಳೇಬೀಡು, ಜೋಗ, ಯಾಣ ಅಂತ ಒಳಗೊಳಗೆ ನುಗ್ಗುವುದಾದರೆ ಕಾರೇ ಸರಿ. ಹೆದ್ದಾರಿ ಟೋಲ್‌ಗೆ ವಾರ್ಷಿಕ ಫಾಸ್ಟ್ಯಾಗ್ ಪಾಸ್ ಬಂದ ಮೇಲೆ ಇನ್ನೂ ಅನುಕೂಲ. ಆದರೆ ನಾವು ಕಾರಿನಲ್ಲಿ ಹೋದಾಗಲೆಲ್ಲ ಅವನೊಬ್ಬನಿಗೆ ರಜೆಯೇ ಇರುವುದಿಲ್ಲ. ಶಿರಾಡಿ ಘಾಟಿಯಲ್ಲಿ ನಾವೆಲ್ಲ ಕಿಟಕಿಗೆ ಮೂಗು ಒತ್ತಿ ಹಸಿರು ನೋಡುತ್ತಿದ್ದರೆ ಅವನು ಮುಂದಿರುವ ಟ್ಯಾಂಕರಿನ ಹಿಂಬದಿ ನೋಡುತ್ತಾ ಕೂತಿರುತ್ತಾನೆ. ಸಂಜೆ ರೂಮಿಗೆ ಬಂದವನೇ ಬೆನ್ನು ಹಿಡಿದುಕೊಂಡು ಮಲಗುತ್ತಾನೆ.

ರೈಲಿನಲ್ಲಿ ಅದೇ ಘಾಟಿಯನ್ನು ನೋಡಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿ.ಮೀ., 57 ಸುರಂಗ. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಜಾರು. ಗಾಡಿ ಆತುರವೇ ಮಾಡುವುದಿಲ್ಲ. ಸುರಂಗ ಬಂತೆಂದರೆ ಬೋಗಿಯ ಮಕ್ಕಳೆಲ್ಲ ‘ಹೋ’ ಅಂತ ಕೂಗುತ್ತಾರೆ. ಬೆಳಕಿಗೆ ಬಂದ ಕೂಡಲೇ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ, ಅಷ್ಟರಲ್ಲಿ ಇನ್ನೊಂದು ಕತ್ತಲು. ಹೊರಗೆ ಒಂದು ಕಡೆ ಕೈಗೆ ಎಟಕುವಷ್ಟು ಹತ್ತಿರ ಒದ್ದೆ ಬಂಡೆ, ಇನ್ನೊಂದು ಕಡೆ ಕಾಲ ಕೆಳಗೆ ಏನೂ ಇಲ್ಲ. ನಮ್ಮನೆಯವರು ಸುರಂಗ ಎಣಿಸುತ್ತೇನೆ ಅಂತ ಪೆನ್ನು ಹಿಡಿದು ಕೂತಿದ್ದರು. ಚಹಾದವನಿಗೆ ಚಿಲ್ಲರೆ ಹುಡುಕುವ ಗಡಿಬಿಡಿಯಲ್ಲಿ ಲೆಕ್ಕ ತಪ್ಪಿತು. ಎದುರು ಕೂತಿದ್ದ ಪುತ್ತೂರಿನ ಅಜ್ಜಿಯೊಬ್ಬರು ‘ನೀವು ಮುಂದುವರಿಸಿ, ನಡುವೆ ಹೋದದ್ದು ಮೂರೋ ನಾಲ್ಕೋ’ ಅಂತ ಧೈರ್ಯ ಹೇಳಿದರು. 2021ರಿಂದ ಹಗಲಿನ ಗಾಡಿಗೆ ಗಾಜಿನ ಸೂರಿನ ವಿಸ್ಟಾಡೋಮ್ ಬೋಗಿಯನ್ನೂ ಜೋಡಿಸುತ್ತಿದ್ದಾರೆ. ಅದು ಚೆನ್ನಾಗಿಯೇ ಇದೆ. ಆದರೆ ಕಿಟಕಿ ತೆರೆದು ಕೂರುವ ಸಾದಾ ಬೋಗಿಯ ತಂಪು ಅದರಲ್ಲಿ ಸಿಗುವುದಿಲ್ಲ.

ಇನ್ನೊಂದು ಘಾಟಿಯ ಬಗ್ಗೆ ಹೊರಡುವವರಿಗೆ ಒಂದು ಮಾತು. ವಾಸ್ಕೋದಿಂದ ಯಶವಂತಪುರಕ್ಕೆ ಬರುವ ಗಾಡಿ ಹುಬ್ಬಳ್ಳಿ, ದಾವಣಗೆರೆ, ಅರಸೀಕೆರೆ ದಾರಿಯಲ್ಲೇ ಬರುತ್ತದೆ, ನಮ್ಮ ಸುತ್ತಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಅದು ಘಾಟಿ ಹತ್ತುವುದು ರಾತ್ರಿ. ದೂಧ್‌ಸಾಗರ ಜಲಪಾತ ಪಕ್ಕದಲ್ಲೇ ಇದ್ದರೂ ಕಾಣುವುದಿಲ್ಲ. ಹಗಲಿನ ಗಾಡಿ ನೋಡಿಕೊಂಡೇ ದಿನ ಗೊತ್ತು ಮಾಡಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಬೇರೆ ವೇಳಾಪಟ್ಟಿ ಇರುತ್ತದೆ, ಅದನ್ನೂ ನೋಡಿ. ಮಂಗಳೂರಿನಲ್ಲಿ ಸೆಂಟ್ರಲ್ ಬೇರೆ, ಜಂಕ್ಷನ್ ಬೇರೆ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬೇಕಾದರೆ ನಡುವೆ ಊಟ ಮಾಡುವಷ್ಟಾದರೂ ಸಮಯ ಇಟ್ಟುಕೊಳ್ಳಿ.

ಸ್ಟೇಷನ್ನಿನಿಂದ ಊರಿಗೆ ಹೋಗುವುದೇ ಇನ್ನೊಂದು ಪ್ರಯಾಣ. ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರುವುದು ನೆಟ್ಟಣದಲ್ಲಿ, ದೇವಸ್ಥಾನಕ್ಕೆ ಹತ್ತು ಹನ್ನೆರಡು ಕಿ.ಮೀ. ಗೋಕರ್ಣ ರೋಡಿನಿಂದ ಗೋಕರ್ಣಕ್ಕೂ ಹೆಚ್ಚುಕಡಿಮೆ ಅಷ್ಟೇ. ‘ರೋಡ್’ ಅಂತ ಹೆಸರಿದ್ದರೆ ಊರು ದೂರ ಅಂತಲೇ ತಿಳಿಯಬೇಕು. ಹೊತ್ತು ಮುಳುಗಿದ ಮೇಲೆ ಇಳಿದರೆ ಆಟೋದವರು ಹೇಳಿದ್ದೇ ರೇಟು. ಬಸ್ಸು ಸಿಕ್ಕರೆ 2023ರ ಜೂನ್‌ನಿಂದ ನನಗೆ ಶಕ್ತಿ ಯೋಜನೆ ಇದೆ. ನಾನು ಆಧಾರ್ ಕಾರ್ಡ್ ತೋರಿಸಿ ಕೂರುತ್ತೇನೆ, ನಮ್ಮನೆಯವರು ದುಡ್ಡು ಕೊಟ್ಟು ಟಿಕೆಟ್ ಹರಿಸಿಕೊಳ್ಳುತ್ತಾರೆ. ‘ನಿನ್ನ ಜೊತೆ ನಾನು ಬಂದದ್ದೇ ಖರ್ಚು’ ಅನ್ನುವುದು ಅವರ ಗೊಣಗಾಟ.

ಎಂಟು ಕಡೆ ಇಳಿಯಬಹುದು ಅಂದ ಮಾತ್ರಕ್ಕೆ ಎಂಟೂ ಕಡೆ ಇಳಿಯಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಟಿಕೆಟ್ಟಿಗೆ ದೂರಕ್ಕೆ ತಕ್ಕಂತೆ ದಿನಗಳ ಮಿತಿಯೂ ಇರುತ್ತದೆ. ಈಗ ‘ಐದು ದಿನ, ಹದಿನೈದು ಜಾಗ’ ಅನ್ನುವ ಟೂರ್ ಪ್ಯಾಕೇಜ್‌ಗಳದೇ ಕಾಲ. ಹಂಪಿ ಬಿಟ್ಟರೆ ಹೇಗೆ, ಬಾದಾಮಿ ಬಿಟ್ಟರೆ ಹೇಗೆ ಅಂತ ನನ್ನ ತಂಗಿಯೂ ಹಟ ಹಿಡಿದಳು. ಅವೆರಡೂ ಈ ಸುತ್ತಿನಲ್ಲಿ ಬರುವುದಿಲ್ಲ. ಗದಗಿನ ಕಡೆಗೆ ಬೇರೆಯಾಗಿಯೇ ಹೋಗಬೇಕು, ಹಂಪಿಗೆ ಒಂದು ದಿನ ಕೊಡುವುದು ಅದಕ್ಕೆ ಮಾಡುವ ಅವಮಾನ. ಉಡುಪಿಯಲ್ಲಿ ಎರಡು ರಾತ್ರಿ ಇದ್ದರೆ ಒಂದು ಸಂಜೆ ಮಲ್ಪೆ, ಒಂದು ಬೆಳಿಗ್ಗೆ ರಥಬೀದಿ. ಹುಬ್ಬಳ್ಳಿಯಲ್ಲಿ ಇಳಿದರೆ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಮೇಲೆ ಒಂದು ವಾಕಿಂಗ್, ಆಮೇಲೆ ಗಿರ್ಮಿಟ್ ಮತ್ತು ಮಿರ್ಚಿ. ದಾವಣಗೆರೆಯಲ್ಲಿ ಬೆಣ್ಣೆದೋಸೆಗೆ ಅಂತಲೇ ಇಳಿಯುವುದನ್ನು ತಂಗಿಯ ಗಂಡ ಪಟ್ಟಿಯಲ್ಲಿ ಮೊದಲೇ ಬರೆಸಿದ್ದಾರೆ.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಈ ಸುತ್ತು ಮೂವರ ಕೈಯಲ್ಲಿದೆ. ಅರಸೀಕೆರೆ, ಹಾಸನ, ಹುಬ್ಬಳ್ಳಿ ಎಲ್ಲ ನೈಋತ್ಯ ರೈಲ್ವೆಗೆ. ಮಂಗಳೂರು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ. ಉಡುಪಿ, ಗೋಕರ್ಣ, ಕಾರವಾರ ಕೊಂಕಣ ರೈಲ್ವೆಗೆ. ಹೀಗಾಗಿ ಇದು ನಮ್ಮದು ಅಂತ ಯಾರಿಗೂ ಅನ್ನಿಸಿಲ್ಲವೋ ಏನೋ. ಆದರೆ ವಲಯ ರೈಲ್ವೆಗಳು ತಾವೇ ಮಾರ್ಗ ಗೊತ್ತುಮಾಡಿ, ಸಿದ್ಧ ಸರ್ಕ್ಯುಲರ್ ಟಿಕೆಟ್ ಪ್ರಕಟಿಸುವ ಪದ್ಧತಿ ನಿಯಮದಲ್ಲೇ ಇದೆ. ನೈಋತ್ಯ ರೈಲ್ವೆಯವರು ಮುಂದೆ ಬಂದು ಈ ಮಾರ್ಗವನ್ನು ಹಾಗೆ ಪ್ರಕಟಿಸಬಾರದೇಕೆ? ದರ ಮೊದಲೇ ಗೊತ್ತಿದ್ದರೆ ಕೌಂಟರಿನ ಹುಡುಗ ಯಾರನ್ನೂ ಕೇಳಬೇಕಿಲ್ಲ. ಮೈಸೂರು, ಬೆಂಗಳೂರಿನಿಂದ ಹೊರಡುವವರಿಗೂ ಇಂಥದ್ದೇ ಸುತ್ತುಗಳನ್ನು ಮಾಡಬಹುದು. ಆನ್‌ಲೈನ್‌ನಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು. ಅಷ್ಟು ಬೇಗ ಆಗದಿದ್ದರೆ ರಿಸರ್ವೇಶನ್ ಕೌಂಟರಿನ ಮುಂದೆ ಕನ್ನಡದಲ್ಲಿ ಒಂದು ಫಲಕವಾದರೂ ಹಾಕಲಿ: ಯಾರಿಗೆ ಅರ್ಜಿ ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ ಸಿಗುತ್ತದೆ ಅಂತ.

ಮುಂದಿನ ಚಳಿಗಾಲಕ್ಕೆ ತಂಗಿ ಮತ್ತು ಅವಳ ಗಂಡ ನಮ್ಮ ಜೊತೆ ಬರುತ್ತಾರಂತೆ. ನಾಲ್ವರಿಗೆ ಸರ್ಕ್ಯುಲರ್ ಟಿಕೆಟ್ ಬೇಕು ಅಂತ ಅರ್ಜಿ ಬರೆದಿದ್ದೇನೆ. ಇಳಿಯುವ ಊರುಗಳನ್ನೂ ದಿನಗಳನ್ನೂ ನಮೂದಿಸಿದ್ದೇನೆ, ನಕಾಶೆಯನ್ನೂ ಲಗತ್ತಿಸಿದ್ದೇನೆ. ಅರಸೀಕೆರೆಯಿಂದ ಹೊರಡುವವರು ಇದನ್ನು ಯಾವ ಕಚೇರಿಯ ಯಾವ ಅಧಿಕಾರಿಗೆ ಕೊಡಬೇಕು ಅಂತ ಸಂಬಂಧಪಟ್ಟವರು ನಿಮ್ಮ ಇದೇ ಅಂಕಣದಲ್ಲಿ ಉತ್ತರ ಕೊಟ್ಟರೆ ಉಪಕಾರವಾಗುತ್ತದೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಹಾಸನ ಜಿಲ್ಲೆ